ಪದಚರ್ಚೆ: ಕಾಡುಮಣ್ಣಿನ ‘ವೇರಿಯಬಿಲಿಟಿ’ಯನ್ನು ‘ತರತಮ’ ಎನ್ನಬಹುದೇ?

ಕಾಡಿನ ಮಣ್ಣಿನ ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಬರಹ ನಿಂತುಬಿಟ್ಟಿದೆ. ‘ನ್ಯಾಚುರಲ್ ವೇರಿಯಬಿಲಿಟಿ’ಗೆ, ಅಂದರೆ ಒಂದೇ ಕಾಡಿನಲ್ಲಿ ಮಣ್ಣಿನ ಗುಣ ಜಾಗದಿಂದ ಜಾಗಕ್ಕೆ ತಾನಾಗಿಯೇ ಬೇರೆಯಾಗುವುದಕ್ಕೆ, ಕನ್ನಡದಲ್ಲಿ ಏನೆನ್ನೋಣ?

ಮಲೆನಾಡಿನ ಒಂದೇ ಗುಡ್ಡವನ್ನು ನೋಡಿ. ನೆತ್ತಿಯಲ್ಲಿ ಮಣ್ಣು ತೆಳು. ಓರೆಯಲ್ಲಿ ಮಳೆ ಅದನ್ನು ಕೊಚ್ಚುತ್ತದೆ, ತಪ್ಪಲಿನಲ್ಲಿ ಅದೇ ಮಣ್ಣು ದಪ್ಪವಾಗಿ ಕೂರುತ್ತದೆ. ಹೀಗೆ ಇಳಿಜಾರಿನುದ್ದಕ್ಕೂ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಮಣ್ಣುಗಳನ್ನು ಪೂರ್ವ ಆಫ್ರಿಕಾದಲ್ಲಿ ಕಂಡ ಮಣ್ಣುವಿಜ್ಞಾನಿ ಜೆಫ್ರಿ ಮಿಲ್ನ್ 1935ರಲ್ಲಿ ‘ಕೆಟೀನಾ’ ಎಂದು ಕರೆದರು. ಲ್ಯಾಟಿನ್ನಿನಲ್ಲಿ ಅದು ಸರಪಳಿ. ಇನ್ನೂ ಹತ್ತಿರದಿಂದ ನೋಡಿದರೆ ಮಾರು ದೂರಕ್ಕೇ ಮಣ್ಣು ಬೇರೆ. ಕಾಂಡದ ಮೇಲೆ ಇಳಿದ ಮಳೆನೀರು ಬುಡದ ಮಣ್ಣಿನ ಹುಳಿಯನ್ನೇ (ಆಮ್ಲೀಯತೆಯನ್ನೇ) ಬದಲಿಸಬಲ್ಲದು. ಗಾಳಿಗೆ ಮರ ಬುಡಮೇಲಾದರೆ ಬೇರಿನೊಂದಿಗೆ ಒಳಮಣ್ಣು ಮೇಲೆ ಬರುತ್ತದೆ. ಮರ ಕೊಳೆತು ಹೋದ ಮೇಲೂ ಅಲ್ಲೊಂದು ಕುಳಿ, ಪಕ್ಕದಲ್ಲೊಂದು ದಿಬ್ಬ ಉಳಿಯುತ್ತವೆ. ಗೆದ್ದಲು ಆಳದ ಜೇಡಿಯನ್ನು ಹುತ್ತಕ್ಕೆ ಹೊರುತ್ತದೆ.

ಆದ್ದರಿಂದ ಒಂದು ಗುಂಡಿ ತೋಡಿ ‘ಈ ಕಾಡಿನ ಮಣ್ಣು ಇಂಥದು’ ಎನ್ನಲಾಗದು. ಹತ್ತು ಕಡೆಯ ಮಣ್ಣನ್ನು ಕಲಸಿ ಪರೀಕ್ಷಿಸಿದರೆ ಸರಾಸರಿ ಸಿಗುತ್ತದೆ, ನಾನು ಹೆಸರು ಹುಡುಕುತ್ತಿರುವ ಗುಣವೇ ಅಳಿಸಿಹೋಗುತ್ತದೆ. ಬಿಡಿಬಿಡಿಯಾಗಿ ಅಳೆದು, ಎಷ್ಟು ದೂರದವರೆಗೆ ನೆರೆಯ ಮಣ್ಣುಗಳು ಒಂದನ್ನೊಂದು ಹೋಲುತ್ತವೆ ಎಂದು ನೋಡಬೇಕು. ಇಲ್ಲದಿದ್ದರೆ ಹತ್ತು ವರ್ಷಗಳ ನಂತರ ಇಂಗಾಲ ಕಡಿಮೆ ಕಂಡಾಗ, ಕಾಡು ಬದಲಾಯಿತೋ ನಾವು ತೋಡಿದ ಜಾಗ ಬದಲಾಯಿತೋ ತಿಳಿಯದು.

ಈ ಗುಣಕ್ಕೆ ‘ವ್ಯತ್ಯಾಸ’ ಸಾಲದು. ಅದಕ್ಕೆ ಇದು-ಅದು ಎಂಬ ಎರಡು ವಸ್ತು ಬೇಕು. ಮೇಲಾಗಿ ‘ಲೆಕ್ಕದಲ್ಲಿ ವ್ಯತ್ಯಾಸ’ ಎಂದೊಡನೆ ತಪ್ಪು ನಡೆದಿದೆ ಎಂದೇ ಕೇಳಿಸುತ್ತದೆ. ‘ಏರುಪೇರು’ ಕೂಡ ಹಾಗೆಯೇ, ಆರೋಗ್ಯ ಕೆಟ್ಟಂತೆ. ‘ವೈವಿಧ್ಯ’ ಎಂದರೆ ಬಗೆಗಳ ಎಣಿಕೆ. ಇಲ್ಲಿ ಮಣ್ಣಿನ ಬಗೆ ಒಂದೇ ಇದ್ದು ಹುಳಿ, ಆಳ, ತೇವ ಮಾತ್ರ ಬೇರೆಯಾಗಬಹುದು. ‘ವಿಚಲನೆ’ಯನ್ನು ಸಂಖ್ಯಾಶಾಸ್ತ್ರ ಆಗಲೇ ಬೇರೆ ಅರ್ಥಕ್ಕೆ, ಸರಾಸರಿಯಿಂದ ಎಷ್ಟು ದೂರ ಎಂಬುದಕ್ಕೆ, ತೆಗೆದುಕೊಂಡಿದೆ.

ನನ್ನ ಮನಸ್ಸು ‘ತರತಮ’ದ ಕಡೆಗಿದೆ. ಲಘುತರ, ಲಘುತಮ ಎನ್ನುವಾಗಿನ ಆ ಎರಡು ಪ್ರತ್ಯಯಗಳೇ ಸೇರಿ ಆದ ಪದ ಅದು. ಒಂದೇ ಗುಣ ಒಂದೆಡೆ ತುಸು ಹೆಚ್ಚು, ಇನ್ನೊಂದೆಡೆ ಇನ್ನೂ ಹೆಚ್ಚು ಎಂಬುದನ್ನು ಇಷ್ಟು ಚೆನ್ನಾಗಿ ಹೇಳುವ ಬೇರೆ ಪದ ನನಗೆ ಕಂಡಿಲ್ಲ. ಆದರೆ ‘ತಾರತಮ್ಯ’ ಇಂದು ಅನ್ಯಾಯದ ಹೆಸರಾಗಿದೆ. ‘ಮಣ್ಣಿನ ಸಹಜ ತರತಮ’ ಎಂದರೆ ಓದುಗರಿಗೆ ಮೇಲು-ಕೀಳಿನ ವಾಸನೆ ಹೊಡೆಯುವುದೇ?

‘ಸಹಜ’ವನ್ನಂತೂ ಬಿಡಲಾರೆ. ಅಡಿಕೆ ತೋಟಕ್ಕಾಗಿ ವರ್ಷವರ್ಷವೂ ಸೊಪ್ಪು ಕಡಿದು, ದರಕು (ಉದುರಿದ ಒಣ ಎಲೆ) ಗುಡಿಸಿ ಒಯ್ಯುವ ಸೊಪ್ಪಿನ ಬೆಟ್ಟದಲ್ಲಿ ಮಣ್ಣು ಬೇರೆಯಾಗುವುದು ನಮ್ಮ ಕೈಯಿಂದ. ಅದನ್ನು ಕಾನಿನ, ಅಂದರೆ ದಟ್ಟ ಕಾಡಿನ, ಮಣ್ಣಿನ ಸ್ವಭಾವದಿಂದ ಬೇರ್ಪಡಿಸಿ ತೋರಿಸಲು ಆ ವಿಶೇಷಣ ಬೇಕೇ ಬೇಕು.

ಜನರ ಬಾಯಲ್ಲಿ ಇನ್ನೂ ಒಳ್ಳೆಯ ಪದವಿದ್ದರೆ ‘ತರತಮ’ವನ್ನು ಸಂತೋಷದಿಂದ ಕೈಬಿಡುತ್ತೇನೆ. ಜನರ ಮಾತಿನಿಂದ ಶಾಸ್ತ್ರದ ಪದ ಹುಟ್ಟಿದ್ದುಂಟು. ದಕ್ಷಿಣ ಭಾರತವನ್ನು ಸುತ್ತಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸಕಥನದಲ್ಲಿ, ಸ್ಥಳೀಯರು ‘ಇಟ್ಟಿಗೆ ಕಲ್ಲು’ ಎನ್ನುವುದನ್ನು ಗುರುತಿಸಿಯೇ, ಇಟ್ಟಿಗೆಯ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರು ಕಟ್ಟಿದ. ನಮ್ಮ ‘ಜಂಬಿಟ್ಟಿಗೆ’ಯಲ್ಲೂ ಆ ಇಟ್ಟಿಗೆ ಹಾಗೆಯೇ ಇದೆ. ನಿಮ್ಮ ಊರಿನಲ್ಲಿ, ಒಂದೇ ಹಕ್ಕಲಿನ ಮಣ್ಣು ಹೆಜ್ಜೆಗೊಂದು ತೆರನಾಗಿದ್ದರೆ ಹಿರಿಯರು ಏನೆನ್ನುತ್ತಾರೆ? ಪದದ ಜೊತೆಗೆ ಊರು ಮತ್ತು ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆದು ತಿಳಿಸಿ.