ಪದ ಬೇಕು, ತುರ್ತು: ‘ಫೀಡರ್ ಇನ್ಸೆಕ್ಟ್’ಗೆ ಕನ್ನಡದಲ್ಲಿ ಏನನ್ನಲಿ?

ಸಾಕಿದ ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಗೆ ಹುಳು ಬದಲಿಸಿ ಕೊಡುವುದರ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಫೀಡರ್ ಇನ್ಸೆಕ್ಟ್’ಗೆ, ಅಂದರೆ ಸಾಕುಪ್ರಾಣಿಗೆ ತಿನ್ನಲು ಕೊಡುವ ಹುಳಕ್ಕೆ, ‘ಆಹಾರ ಕೀಟ’ ಎಂದು ಬರೆದೆ; ಓದಿದವರು “ಧಾನ್ಯಕ್ಕೆ ಬೀಳುವ ಹುಳವೇ?” ಎಂದರು. ‘ಕ್ರಿಕೆಟ್’ ಎಂಬ ಹುಳಕ್ಕೆ ಜೀರುಂಡೆ ಹಾಕಿದ್ದೇನೆ. ವಾಕ್ಯ ಹೀಗಿದೆ:

‘ಜೀರುಂಡೆಯಿಂದ ಡುಬಿಯಾ ಜಿರಳೆಗೆ ಒಮ್ಮೆಲೇ ಹೋಗಬೇಡಿ. ಒಂದೆರಡು ವಾರ ಎರಡನ್ನೂ ಬೆರೆಸಿ ಕೊಡುತ್ತ ಹೊಸದನ್ನು ಹೆಚ್ಚಿಸಿ. ಹುಳು ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಸುಣ್ಣದ ಪುಡಿಯಲ್ಲಿ ಹೊರಳಿಸಿ ಕೊಡಿ.’

ಸರಿಯೇ?

ಮರು:
ಸರಿಯಿಲ್ಲ. ಜೀರುಂಡೆ ಎಂದರೆ ಒಬ್ಬರಿಗೆ ಹಗಲಲ್ಲಿ ಮರದ ಮೇಲೆ ಕಿರ್ರೆನ್ನುವುದು, ಇನ್ನೊಬ್ಬರಿಗೆ ಗಟ್ಟಿ ರೆಕ್ಕೆಯ ಬೀಟಲ್, ಮತ್ತೊಬ್ಬರಿಗೆ ರಾತ್ರಿ ಮೂಲೆಯಲ್ಲಿ ಕೂತು ನಿದ್ದೆ ಕೆಡಿಸುವುದು. ನಿಮಗೆ ಬೇಕಾದ್ದು ಮೂರನೆಯದು. ಅದು ಚಿಮ್ಮಂಡೆ. ಕೈಪಿಡಿಯಲ್ಲಿ ಮುಂದೆ ಮೀಲ್‌ವರ್ಮ್ ಎಂಬ ಹುಳು ಬಂದೇ ಬರುತ್ತದೆ. ಅದು ಬೆಳೆದು ಬೀಟಲ್ ಆಗುತ್ತದೆ. ಆಗ ಅದಕ್ಕೂ ಜೀರುಂಡೆ ಎನ್ನುತ್ತೀರಾ?

ಮರು:
ಇಷ್ಟು ಒದ್ದಾಟ ಯಾಕೋ ತಿಳಿಯದು. ಪದ ಇದೆ: ಎರೆ. ಪ್ರಾಣಿಯ ಬಾಯಿಗೆ ಒಡ್ಡುವ ತಿನಿಸು, ಗಾಳಕ್ಕೆ ಸಿಕ್ಕಿಸುವುದು. ತಮಿಳಿನ ಇರೈ, ತೆಲುಗಿನ ಎರ, ಎಲ್ಲ ಒಂದೇ ಬಳ್ಳಿಯವು. ಫೀಡರ್ ಇನ್ಸೆಕ್ಟ್ ಎಂದರೆ ಎರೆಹುಳು, ಮುಗಿಯಿತು. ಎರೆಹುಳುವನ್ನು ಎರೆಮಣ್ಣಿಗೆ ಗಂಟುಹಾಕುವವರು ದಾರಿ ತಪ್ಪಿದ್ದಾರೆ. ಹತ್ತು ಸಲ ಹೇಳಿದ್ದೇನೆ.

ಮರು:
ಹನ್ನೊಂದನೆಯದನ್ನೂ ಕೇಳಿದೆವು. ಎರೆಹುಳು ಎಂದು ಅಚ್ಚಾದರೆ ಓದಿದವರು ಗುದ್ದಲಿ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಬೇಕಿದ್ದರೆ ಎರೆಕೀಟ ಎನ್ನಿ.

ಮರು:
ಎರೆಕೀಟ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟದ್ದು ಬಿರುದಾವಳಿಗೆ, ಪೂರ್ವಕವಿಗಳ ಪ್ರಯೋಗಕ್ಕೆ, ಹಲ್ಲಿಯ ತಟ್ಟೆಗಲ್ಲ. ಅದಿರಲಿ, ‘ಗೆಕ್ಕೊ’ ಯಾಕೆ? ಹಳಗನ್ನಡದ ಪಲ್ಲಿಯಿಂದ ಬಂದ ಹಲ್ಲಿ ಸತ್ತುಹೋಗಿದೆಯೇ? ಇಂಗ್ಲಿಷಿನ ಎಂಜಲು ಎಷ್ಟು ದಿನ?

ಮರು:
ಎಂಜಲು ಇಂಗ್ಲಿಷಿನದಲ್ಲ. ಹಲ್ಲಿಯ ಕೂಗನ್ನೇ ಹೆಸರಾಗಿಸಿದ್ದು ಮಲಯ ಭಾಷೆ. ಇಂಗ್ಲಿಷಿನವರೂ ಸಾಲ ತಂದವರೇ. ಲೆಪರ್ಡ್ ಗೆಕ್ಕೊಗೆ ಕಣ್ಣಿನ ರೆಪ್ಪೆಗಳಿವೆ, ಬೆರಳಡಿ ಅಂಟುವ ಮೆತ್ತೆಗಳಿಲ್ಲ. ನುಣುಪು ಗೋಡೆ ಹತ್ತಲಾರದು. ಬರೀ ಹಲ್ಲಿ ಎಂದರೆ ಕಣ್ಣ ಮುಂದೆ ಬರುವುದು ದೀಪದ ಹತ್ತಿರ ಕೂತದ್ದು. ಗೆಕ್ಕೊ ಇರಲಿ.

ನೀವೆಲ್ಲ ಸಮಾಸದಲ್ಲಿ ಮುಳುಗಿ ನಿಜವಾದ ಅಪಾಯವನ್ನು ನೋಡಿಲ್ಲ: ‘ಸುಣ್ಣದ ಪುಡಿ’. ಮೂಲದಲ್ಲಿರುವುದು ಕ್ಯಾಲ್ಸಿಯಂ. ಈ ಹುಳುಗಳಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಅದಕ್ಕೇ ಪುಡಿ. ಇಲ್ಲದಿದ್ದರೆ ಹಲ್ಲಿಯ ಮೂಳೆ ಮೆತ್ತಗಾಗಿ ಬಾಗುತ್ತದೆ. ಸುಣ್ಣ ಎಂದು ಬರೆದರೆ ಎಲೆಗೆ ಹಚ್ಚುವ ಸುಣ್ಣದಲ್ಲೇ ಹುಳು ಹೊರಳಿಸುವವರು ಇರುತ್ತಾರೆ. ಬಾಯಿ ಸುಟ್ಟುಹೋಗುತ್ತದೆ. ಅಚ್ಚಗನ್ನಡ ಅಂದರೆ ಇದೇನಾ?

ಮರು:
ಸುಣ್ಣ ಅಚ್ಚಗನ್ನಡವೇ ಅಲ್ಲ, ಚೂರ್ಣದ ತದ್ಭವ. ಯಾವುದನ್ನು ಬಯ್ಯಬೇಕೆಂದು ಮೊದಲು ತಿಳಿಯಿರಿ.

ಕೇಳಿದವರಿಂದ:
ಸುಣ್ಣ ತೆಗೆದೆ, ಕ್ಯಾಲ್ಸಿಯಂ ಬಂತು. ಚಿಮ್ಮಂಡೆ ಹಾಕಿದೆ. ‘ಗಟ್ ಲೋಡಿಂಗ್’ ಒಂದು ಉಳಿದಿತ್ತು: ಹುಳುವನ್ನು ಹಲ್ಲಿಗೆ ಕೊಡುವ ಮೊದಲು 24ರಿಂದ 48 ಗಂಟೆ ಅದಕ್ಕೇ ಒಳ್ಳೆಯ ತಿನಿಸು ಹಾಕುವುದು. ‘ಹೊಟ್ಟೆ ತುಂಬಿಸುವುದು’ ಎಂದರೆ ಹಲ್ಲಿಯ ಹೊಟ್ಟೆ ಎನ್ನಿಸುತ್ತದೆ, ಹಾಗಾಗಿ ‘ಮೇಯಿಸಿ ಕೊಡುವುದು’ ಮಾಡಿದೆ. ಫೀಡರ್ ಇನ್ಸೆಕ್ಟ್ ‘ತಿನ್ನಿಸುವ ಹುಳು’ ಆಯಿತು. ಎರೆ ಮುಂದಿನ ಮುದ್ರಣಕ್ಕೆ. ಎಲ್ಲರಿಗೂ ಋಣಿ.

ಮರು:
ತಿನ್ನಿಸುವ ಹುಳು? ತಿನ್ನಿಸುವುದು ಯಾರು, ಹುಳುವೇ?