ಗಡಿನಾಡಿನ ಜರ್ಮನ್ ವರ್ತಕ ಇಲ್ಫೆಲ್ಡ್: ಅವನ ವ್ಯವಹಾರವನ್ನು ಎಲ್ಲಿಂದ ಓದಬೇಕು?

ಪ್ರಶ್ನೆ

ನ್ಯೂ ಮೆಕ್ಸಿಕೋದ ಲಾಸ್ ವೇಗಸ್ ಪಟ್ಟಣದಲ್ಲಿ (ನೆವಾಡದ ಜೂಜಿನ ನಗರವಲ್ಲ) ಅಂಗಡಿ ನಡೆಸಿದ ಚಾರ್ಲ್ಸ್ ಇಲ್ಫೆಲ್ಡ್ ಎಂಬ ಜರ್ಮನ್ ಯಹೂದಿ ವರ್ತಕನ ಕುರಿತು ಕನ್ನಡದಲ್ಲಿ ದೀರ್ಘ ಲೇಖನವೊಂದನ್ನು ಬರೆಯಬೇಕೆಂದಿದ್ದೇನೆ. 1847ರಲ್ಲಿ ಹೋಂಬುರ್ಗ್‌ನಲ್ಲಿ ಹುಟ್ಟಿದ್ದು, 1865ರಲ್ಲಿ ನ್ಯೂಯಾರ್ಕಿಗೆ ಬಂದಿಳಿದದ್ದು, 1867ರಲ್ಲಿ ಟಾವೋಸ್‌ನಿಂದ ಕತ್ತೆಗಳ ಮೇಲೆ ಸರಕು ಹೇರಿಕೊಂಡು ಬೆಟ್ಟ ದಾಟಿ ಬಂದದ್ದು, 1874ರಲ್ಲಿ ಪಾಲುದಾರ ಅಡೋಲ್ಫ್ ಲೆಚರ್‌ನ ಭಾಗವನ್ನೂ ಕೊಂಡುಕೊಂಡದ್ದು, ಇಷ್ಟು ಎಲ್ಲ ಕಡೆಯೂ ಸಿಗುತ್ತದೆ. ಅವನ ವ್ಯವಹಾರ ದಿನನಿತ್ಯ ಹೇಗೆ ನಡೆಯುತ್ತಿತ್ತು ಎಂಬುದು ಮಾತ್ರ ಕೈಗೆ ಸಿಗುತ್ತಿಲ್ಲ. ಈ ವಿಷಯದಲ್ಲಿ ಕೆಲಸ ಮಾಡಿದವರು ದಾರಿ ತೋರಿಸಬೇಕೆಂದು ವಿನಂತಿ.

ಮೊದಲ ಉತ್ತರ

ಸರಕು ಹೇಗೆ ಬಂತು ಎಂಬುದರಿಂದ ಆರಂಭಿಸಬೇಡಿ. ಅದರ ಬೆಲೆ ಪೂರ್ವಕ್ಕೆ ಹೇಗೆ ಹಿಂದಿರುಗಿತು ಎಂಬುದರಿಂದ ಆರಂಭಿಸಿ. ಸಾಂಟಾ ಫೆ ದಾರಿಯಲ್ಲಿ, ಮಿಸೌರಿಯಿಂದ ಸುಮಾರು 1,400 ಕಿಲೋಮೀಟರ್ ದೂರ ಗಾಡಿಗಳಲ್ಲಿ ಸಾಗಿ ಬರುತ್ತಿದ್ದ ಬಟ್ಟೆ, ಸಕ್ಕರೆ, ಕಾಫಿ, ಕಬ್ಬಿಣದ ಸಾಮಾನುಗಳಿಗೆ ಗಿರಾಕಿಗಳ ಕೊರತೆ ಇರಲಿಲ್ಲ. ಆ ಗಿರಾಕಿಗಳ ಕೈಯಲ್ಲಿ ನಾಣ್ಯ ಇರಲಿಲ್ಲ ಎಂಬುದೇ ವರ್ತಕನ ನಿಜವಾದ ತೊಡಕು. ಸಾಂಟಾ ಫೆಯಲ್ಲಿ ಆ ಪ್ರಾಂತ್ಯದ ಮೊದಲ ಬ್ಯಾಂಕು ಹುಟ್ಟಿದ್ದೇ 1870ರಲ್ಲಿ. ಅಂಗಡಿಗೆ ಬಂದ ರೈತ ಜೋಳ, ಗೋಧಿ ಕೊಡಬಲ್ಲವನಾಗಿದ್ದ, ಕುರಿಗಾರ ಉಣ್ಣೆ ಮತ್ತು ತೊಗಲು ಕೊಡಬಲ್ಲವನಾಗಿದ್ದ; ಆದರೆ ನ್ಯೂಯಾರ್ಕಿನ ಸಗಟು ವ್ಯಾಪಾರಿಗೆ ಸಲ್ಲಬೇಕಾದದ್ದು ಡಾಲರು.

ಈ ಗಂಟನ್ನು ಬಿಚ್ಚಿದ ಒಂದು ದಾರಿ ಸೈನ್ಯದ್ದು. ಲಾಸ್ ವೇಗಸ್‌ನ ಈಶಾನ್ಯಕ್ಕೆ 1851ರಲ್ಲಿ ಸ್ಥಾಪಿತವಾದ ಫೋರ್ಟ್ ಯೂನಿಯನ್ ಇಡೀ ಪ್ರದೇಶದ ಸೇನಾ ಉಗ್ರಾಣವಾಗಿತ್ತು. ಅಲ್ಲಿನ ಕುದುರೆಗಳಿಗೂ ಸೈನಿಕರಿಗೂ ಧಾನ್ಯ ಮತ್ತು ಮೇವು ವರ್ಷವಿಡೀ ಬೇಕಾಗುತ್ತಿತ್ತು. ಸಾಲದ ಬಾಬ್ತು ರೈತನಿಂದ ಬಂದ ಧಾನ್ಯವನ್ನು ವರ್ತಕರು ಕೋಟೆಗೆ ಒದಗಿಸಿದರೆ ಸರ್ಕಾರದ ಹುಂಡಿ (ಹಣ ಪಾವತಿಯ ಆದೇಶಪತ್ರ) ಸಿಗುತ್ತಿತ್ತು, ಆ ಹುಂಡಿ ಪೂರ್ವದ ನಗರಗಳಲ್ಲಿ ಹಣವಾಗಿಯೇ ಚಲಾವಣೆಯಾಗುತ್ತಿತ್ತು. ನಿಮ್ಮ ಲೇಖನದಲ್ಲಿ ಒಂದು ಮೂಟೆ ಜೋಳವನ್ನು ಹೊಲದಿಂದ ನ್ಯೂಯಾರ್ಕಿನ ಲೆಕ್ಕದ ಪುಸ್ತಕದವರೆಗೆ ಹಿಂಬಾಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ.

ಕಂಪನಿಯ ದಾಖಲೆಗಳು ಅಲ್ಬುಕರ್ಕಿಯ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿವೆ. ಆ ಕಾಲದ ವ್ಯಾಪಾರಿ ಪತ್ರಗಳ ನಕಲುಗಳನ್ನು ಒದ್ದೆ ಮಾಡಿದ ತೆಳುಗಾಗದದ ಮೇಲೆ ಒತ್ತಿ ತೆಗೆಯುತ್ತಿದ್ದರು. ಶಾಯಿ ಹರಡಿದ ಕಡೆ ಹಿಂದಿನ ಹಾಳೆಯ ಅಕ್ಷರವೂ ಮುಂದಿನದೂ ಬೆರೆತು ಕಾಣುತ್ತವೆ. ಸಿಬ್ಬಂದಿಯ ಅನುಮತಿ ಪಡೆದು ಓದುವ ಹಾಳೆಯ ಹಿಂದೆ ಬಿಳಿಯ ಕಾಗದವೊಂದನ್ನು ಇಟ್ಟುಕೊಂಡರೆ ಓದು ಬಹಳ ಸುಲಭವಾಗುತ್ತದೆ. ಖಾತೆ ಪುಸ್ತಕಗಳಿಗಿಂತ ಮೊದಲು ಈ ಪತ್ರಗಳನ್ನು ಓದಿ. ಯಾರಿಗೆ ಗಡುವು ವಿಸ್ತರಿಸಿದರು, ಯಾರಿಗೆ ಇಲ್ಲ ಎಂಬುದು ಅಂಕಿಗಳಲ್ಲಿ ಅಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಉತ್ತರಕ್ಕೆ ಕುರಿಗಳನ್ನು ಸೇರಿಸಲೇಬೇಕು. ನಾನು ವೃತ್ತಿಯಿಂದ ಲೆಕ್ಕ ಪರಿಶೋಧಕಿ. ಈ ವರ್ತಕರ ವ್ಯವಹಾರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪಾರ್ತಿದೊ ಎಂಬ ಒಪ್ಪಂದ. ಇದು ಸ್ಪ್ಯಾನಿಷ್ ಕಾಲದಿಂದ ಅಲ್ಲಿ ರೂಢಿಯಲ್ಲಿದ್ದ ಪದ್ಧತಿ. ಜರ್ಮನಿಯಿಂದ ಬಂದವರು ಅದನ್ನು ಕಲಿತು ದೊಡ್ಡ ಪ್ರಮಾಣದಲ್ಲಿ ಬಳಸಿದರು. ವರ್ತಕ ಹೆಣ್ಣು ಕುರಿಗಳ ಹಿಂಡನ್ನು ಕುರಿಗಾರನಿಗೆ ಕೆಲವು ವರ್ಷಗಳಿಗೆ ಒಪ್ಪಿಸುತ್ತಾನೆ. ಸಾಮಾನ್ಯ ಕರಾರಿನಂತೆ ಕುರಿಗಾರ ಪ್ರತಿ ನೂರು ಕುರಿಗೆ ವರ್ಷಕ್ಕೆ ಸುಮಾರು 20 ಮರಿಗಳನ್ನು ಕೊಡಬೇಕು. ಅವಧಿ ಮುಗಿದಾಗ ಪಡೆದಷ್ಟೇ ಸಂಖ್ಯೆಯ, ಅದೇ ವಯಸ್ಸಿನ ಕುರಿಗಳನ್ನು ಹಿಂದಿರುಗಿಸಬೇಕು. ಹಿಮಪಾತದಲ್ಲಿ, ಬರದಲ್ಲಿ, ರೋಗದಲ್ಲಿ ಸತ್ತ ಕುರಿಗಳ ನಷ್ಟ ಕುರಿಗಾರನದೇ. ಅವನ ಪಾಲಿನ ಉಣ್ಣೆಯನ್ನೂ ಬಹುಮಟ್ಟಿಗೆ ಅದೇ ವರ್ತಕ ಕೊಳ್ಳುತ್ತಾನೆ, ಹಿಟ್ಟು ಬಟ್ಟೆಗಳನ್ನು ಅದೇ ಅಂಗಡಿ ಕಡ ಕೊಡುತ್ತದೆ. ಒಂದೇ ಮನುಷ್ಯ ಬಂಡವಾಳಗಾರ, ಖರೀದಿದಾರ, ಸಾಲ ಕೊಡುವವ, ಅಂಗಡಿಕಾರ ಎಲ್ಲವೂ ಆಗಿರುವ ಇಂಥ ಖಾತೆಯಲ್ಲಿ ಲಾಭ ಎಲ್ಲಿ ಹುಟ್ಟಿತು ಎಂದು ಒಂದು ಸಾಲನ್ನು ತೋರಿಸಿ ಹೇಳಲಾಗದು. ಒಬ್ಬ ಕುರಿಗಾರನ ಹೆಸರಿನಲ್ಲಿರುವ ಎಲ್ಲ ಖಾತೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

1894ರ ವರ್ಷವನ್ನು ಬಿಡಬೇಡಿ. ಆ ವರ್ಷದ ಸುಂಕ ಕಾಯ್ದೆ ವಿದೇಶಿ ಉಣ್ಣೆಯ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. 1893ರ ಆರ್ಥಿಕ ಕುಸಿತದಿಂದ ಮೊದಲೇ ಬಿದ್ದಿದ್ದ ಬೆಲೆ ಇನ್ನೂ ಕುಗ್ಗಿತು, 1897ರಲ್ಲಿ ಸುಂಕ ಮರಳಿ ಬಂತು. ವಾಷಿಂಗ್ಟನ್ನಿನ ಒಂದು ಮಸೂದೆ ಹುಲ್ಲುಗಾವಲಿನ ಕುರಿಗಾರನ ಸಾಲಕ್ಕೆ ಏನು ಮಾಡಿತು ಎಂಬುದನ್ನು ಈ ಮೂರು ವರ್ಷಗಳ ಖಾತೆಗಳಲ್ಲಿ ಹುಡುಕಿ.

ಮೂರನೆಯ ಉತ್ತರ

ಸಾಧ್ಯವಾದರೆ ಊರನ್ನು ನೋಡಿ ಬನ್ನಿ. 1879ರ ಜುಲೈನಲ್ಲಿ ರೈಲು ಬಂದಾಗ ನಿಲ್ದಾಣ ಹಳೆಯ ಚೌಕಕ್ಕೆ ಸುಮಾರು ಒಂದು ಮೈಲಿ ದೂರದಲ್ಲಿ, ಗಯೀನಾಸ್ ಹೊಳೆಯ ಆಚೆ ಎದ್ದಿತು, ಅದರ ಸುತ್ತ ಹೊಸ ಪೇಟೆಯೇ ಬೆಳೆಯಿತು. ಇಲ್ಫೆಲ್ಡ್ ಹಳೆಯ ಚೌಕವನ್ನು ಬಿಡದೆ 1880ರ ದಶಕದಲ್ಲಿ ಅಲ್ಲಿಯೇ ಮೂರು ಅಂತಸ್ತಿನ ಮಳಿಗೆ ಕಟ್ಟಿಸಿದ; ಕಟ್ಟಡ ಪ್ಲಾಜಾ ಹೋಟೆಲಿನ ಪಕ್ಕದಲ್ಲಿ ಇಂದಿಗೂ ಇದೆ. ಚೌಕದಿಂದ ನಿಲ್ದಾಣಕ್ಕೆ ನಡೆದು ಹೋದರೆ ಆ ನಿರ್ಧಾರದ ತೂಕ ಕಾಲಿಗೆ ತಿಳಿಯುತ್ತದೆ. ಅವನ ಹಳೆಯ ಗಿರಾಕಿಗಳು ಚೌಕಕ್ಕೆ ಬರುವ ಹಳ್ಳಿಯವರು ಎಂಬುದು ಒಂದು ಕಾರಣವೆಂದು ನನ್ನ ಅಭಿಪ್ರಾಯ. ರೈಲಿನ ನಂತರ ಅವನು ಸಗಟು ವ್ಯಾಪಾರಕ್ಕೆ ತಿರುಗಿ, ಹಳ್ಳಿಯ ಅಂಗಡಿಕಾರರಿಗೆ ಸರಕು ಕಡ ಕೊಟ್ಟು ಅವರ ಮೂಲಕ ಉಣ್ಣೆ ತರಿಸಿಕೊಂಡ. ಪೋಲೆಂಡಿನಿಂದ ಪಾದ್ರಿಯಾಗಿ ಬಂದು ಪ್ಯುಯೆರ್ತೊ ದೆ ಲೂನಾದಲ್ಲಿ ವರ್ತಕನಾದ ಅಲೆಕ್ಸಾಂಡರ್ ಗ್ರೆಲಾಕೋವ್ಸ್ಕಿ ಅಂಥವರಲ್ಲೊಬ್ಬ.

ಫೋರ್ಟ್ ಯೂನಿಯನ್‌ಗೂ ಹೋಗಿ. ಗಾಡಿಗಳ ಗಾಲಿಗಳು ಕೊರೆದ ಹಳ್ಳಗಳು ಹುಲ್ಲಿನ ನಡುವೆ ಇನ್ನೂ ಕಾಣುತ್ತವೆ.

ನಾಲ್ಕನೆಯ ಉತ್ತರ

ಎರಡು ಮಾತುಗಳನ್ನು ಸೇರಿಸುತ್ತೇನೆ. ಇಂಥ ವ್ಯಾಪಾರ ಒಬ್ಬ ವ್ಯಕ್ತಿಯ ಸಾಹಸವೆಂದು ಬರೆಯಬೇಡಿ. ಅದು ಬಂಧುಬಳಗದ ವ್ಯವಹಾರ. 1840ರ ದಶಕದಲ್ಲೇ ಸಾಂಟಾ ಫೆಗೆ ಬಂದ ಸಾಲೊಮನ್ ಜೇಕಬ್ ಸ್ಪೀಗೆಲ್‌ಬರ್ಗ್ ತನ್ನ ತಮ್ಮಂದಿರನ್ನು ಒಬ್ಬೊಬ್ಬರಾಗಿ ಕರೆಸಿಕೊಂಡ. ಇಲ್ಫೆಲ್ಡ್ 1874ರಲ್ಲಿ ಅಡೆಲೆ ನಾರ್ಡ್‌ಹೌಸ್‌ಳನ್ನು ಮದುವೆಯಾದ. ಅವಳ ತಮ್ಮ ಮ್ಯಾಕ್ಸ್ ಹುಡುಗನಾಗಿ ಬಂದು ಅಂಗಡಿಯಲ್ಲಿ ಕೆಲಸ ಕಲಿತು, ಮುಂದೆ ಕಂಪನಿಯ ಆಡಳಿತವನ್ನೇ ವಹಿಸಿಕೊಂಡ. ನ್ಯಾಯಾಲಯ ದೂರವಿದ್ದ, ಒಂದು ಪತ್ರಕ್ಕೆ ಉತ್ತರ ಬರಲು ವಾರಗಳು ಬೇಕಾಗಿದ್ದ ಕಾಲದಲ್ಲಿ ಖಜಾನೆಯ ಕೀಲಿಯನ್ನು ಯಾರ ಕೈಗೆ ಕೊಡಬೇಕೆಂಬುದು ಜೀವನ್ಮರಣದ ಪ್ರಶ್ನೆಯಾಗಿತ್ತು.

ಎರಡನೆಯದು ಇದಕ್ಕಿಂತ ಮುಖ್ಯ. ವರ್ತಕರ ಕಾಗದಗಳನ್ನಷ್ಟೇ ಓದಿದರೆ ಸಾಲ ಪಡೆದವರು ಬರಿಯ ಬಾಕಿಯ ಹೆಸರುಗಳಾಗಿ ಉಳಿದುಬಿಡುತ್ತಾರೆ. ಮೆಕ್ಸಿಕೋ ಮೂಲದ ಗ್ರಾಮಸ್ಥರು ಪೀಳಿಗೆಗಳಿಂದ ಸಾಮೂಹಿಕವಾಗಿ ಮೇಯಿಸುತ್ತಿದ್ದ ಹುಲ್ಲುಗಾವಲುಗಳು ಕೊಳ್ಳುವಿಕೆ, ಸಾಲ, ಮೊಕದ್ದಮೆಗಳ ಮೂಲಕ ಖಾಸಗಿಯವರ ಕೈಗೆ ಜಾರುತ್ತಿದ್ದವು. 1889 ಮತ್ತು 1890ರಲ್ಲಿ ಬಿಳಿಯ ಮುಸುಕು ಧರಿಸಿದ ಗೋರ್ರಾಸ್ ಬ್ಲಾಂಕಾಸ್ ಎಂಬ ಗುಂಪು ಇದೇ ಸಾನ್ ಮಿಗೆಲ್ ಜಿಲ್ಲೆಯಲ್ಲಿ ಅಂಥ ಹುಲ್ಲುಗಾವಲುಗಳಿಗೆ ಹಾಕಿದ ತಂತಿಬೇಲಿಗಳನ್ನು ರಾತ್ರಿಯ ಹೊತ್ತು ಕತ್ತರಿಸುತ್ತಿತ್ತು. ಊರಿನ ವ್ಯಾಪಾರದ ಇತಿಹಾಸ ಬರೆಯುವವರು ಈ ಬೇಲಿಗಳನ್ನು ದಾಟಿ ಹೋಗಬಾರದೆಂದು ನಾನು ಒತ್ತಿ ಹೇಳುತ್ತೇನೆ. 1890ರಲ್ಲಿ ಲಾಸ್ ವೇಗಸ್‌ಗೆ ಸ್ಥಳಾಂತರಗೊಂಡ ‘ಲಾ ವೋಸ್ ದೆಲ್ ಪ್ಯುಯೆಬ್ಲೊ’ ಎಂಬ ಸ್ಪ್ಯಾನಿಷ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕಂಪನಿಯ ಪತ್ರಗಳ ಜೊತೆಯಲ್ಲೇ, ಅದೇ ತಿಂಗಳುಗಳನ್ನು ಹೊಂದಿಸಿಕೊಂಡು ಓದಿ. ಸ್ಪ್ಯಾನಿಷ್ ಬಾರದಿದ್ದರೆ ಬಲ್ಲವರೊಬ್ಬರ ನೆರವನ್ನು ಈಗಲೇ ಕೇಳಿಟ್ಟುಕೊಳ್ಳಿ.