ಸ್ಕರ್ಟ್ ಕಟಿಂಗ್‌ಗೆ ಸೊಂಟದ ಅಳತೆನ 6.28ರಿಂದ ಭಾಗಿಸಬೇಕಾ, 3.14ರಿಂದಾನಾ?

ಹೊಸ_ಹೊಲಿಗೆ:
ಎಲ್ರಿಗೂ ನಮಸ್ಕಾರ. ರೆಡಿಮೇಡ್ ಸ್ಕರ್ಟ್ ಸಹವಾಸ ಸಾಕಾಗಿದೆ, ಸೊಂಟಕ್ಕೆ ಸರಿ ಹೋದ್ರೆ ಹಿಪ್ ಹತ್ರ ಬಿಗಿ, ಹಿಪ್‌ಗೆ ಸರಿ ಹೋದ್ರೆ ಸೊಂಟದಲ್ಲಿ ಲೊಡಲೊಡ, ಜೇಬಿನ ವಿಷ್ಯ ಅಂತೂ ಕೇಳ್ಲೇಬೇಡಿ. ಮನೇಲಿ ಮಾಮೂಲಿ ಮಷಿನ್ ಇದೆ, ನೇರ ಹೊಲಿಗೆ, ಜಿಗ್‌ಜಾಗ್ ಎರಡೂ ಬರುತ್ತೆ, ದಿಂಬಿನ ಕವರು ಪರದೆ ಎಲ್ಲ ನಾನೇ ಹೊಲಿತೀನಿ. ಈಗ ನಂಗೆ ನಾನೇ ಒಂದು ಘೇರಿನ ಸ್ಕರ್ಟ್ ಹೊಲ್ಕೊಬೇಕು ಅಂತ. ವಿಡಿಯೋ ನೋಡೋಕೆ ಹೋದ್ರೆ ಒಬ್ರು ಸೊಂಟನ 6.28ರಿಂದ ಭಾಗಿಸಿ ಅಂತಾರೆ ಇನ್ನೊಬ್ರು 3.14ರಿಂದ ಅಂತಾರೆ, ಯಾಕೆ ಅಂತ ಇಬ್ರೂ ಹೇಳಲ್ಲ. ಸೊಂಟ 30, ಹಿಪ್ 40, ಉದ್ದ 28 ಇಂಚು ಬೇಕು. ಇಲಾಸ್ಟಿಕ್ ಹಾಕೋಣ ಅಂತಿದೀನಿ, ಜಿಪ್ ಕಂಡ್ರೆ ಭಯ. ಬಟ್ಟೆ 44 ಇಂಚು ಅಗಲದ ಕಾಟನ್, 3 ಮೀಟರ್ ಇದೆ. ಸಾಕಾಗುತ್ತಾ?

ಚಾಕ್‌ಪೀಸ್:
ಇಬ್ರೂ ಹೇಳಿದ್ದು ಸರೀನೇ, ಬೇರೆ ಬೇರೆ ಸ್ಕರ್ಟ್ ಬಗ್ಗೆ ಹೇಳ್ತಿದಾರೆ ಅಷ್ಟೆ. ಪೂರ್ತಿ ವೃತ್ತದ ಸುತ್ತಳತೆ ಅಂದ್ರೆ ತ್ರಿಜ್ಯನ 6.28ರಿಂದ ಗುಣಿಸಿದ್ದು, ಅರ್ಧ ವೃತ್ತ ಆದ್ರೆ 3.14ರಿಂದ. ಹಾಗಾಗಿ ಫುಲ್ ಸರ್ಕಲ್ ಸ್ಕರ್ಟ್‌ಗೆ 6.28, ಹಾಫ್ ಸರ್ಕಲ್‌ಗೆ 3.14.

ಆದ್ರೆ ಅದಕ್ಕಿಂತ ಮುಖ್ಯ ವಿಷ್ಯ, ನೀವು ಭಾಗಿಸಬೇಕಾಗಿರೋದು ಸೊಂಟದ ಅಳತೆನೇ ಅಲ್ಲ! ಜಿಪ್ ಇದ್ರೆ ಸೊಂಟ. ಇಲಾಸ್ಟಿಕ್ ಅಂದ್ರೆ ಸ್ಕರ್ಟಿನ ಬಾಯಿ ಹಿಪ್ ದಾಟಿ ಮೇಲೆ ಬರ್ಬೇಕಲ್ಲ, 30ಕ್ಕೆ ಕತ್ತರಿಸಿಬಿಟ್ರೆ ಒಳಗೆ ಎಷ್ಟು ಒಳ್ಳೆ ಇಲಾಸ್ಟಿಕ್ ಇದ್ರೂ ಮೇಲಿನ ಬಟ್ಟೆ ಹಿಗ್ಗಲ್ಲ, ಹಿಪ್ ಹತ್ರಾನೇ ಸಿಕ್ಕಾಕೊಳ್ಳುತ್ತೆ. ಹಿಪ್ 40ಕ್ಕೆ 2 ಇಂಚು ಸೇರಿಸಿ 42 ಇಟ್ಕೊಳ್ಳಿ. ಹಿಪ್ ಅಳತೆ ತಗೊಳ್ಳೋವಾಗ ಟೇಪು ಎಲ್ಲಿ ಅತಿ ಅಗಲ ಇದೆಯೋ ಅಲ್ಲಿ ಇರ್ಲಿ.

ಈಗ ಬಟ್ಟೆ ಲೆಕ್ಕ. ಫುಲ್ ಸರ್ಕಲ್ ಆದ್ರೆ 42ನ 6.28ರಿಂದ ಭಾಗಿಸಿದ್ರೆ 6.7, ಅದಕ್ಕೆ ಉದ್ದ, ಮಡಿಕೆ ಎಲ್ಲ ಸೇರಿ 35 ಇಂಚು ಹತ್ರ ಬರುತ್ತೆ, ಎರಡು ಅರ್ಧ ವೃತ್ತ ಮಾಡಿ ಜೋಡಿಸೋಕೆ ಮೂರೂವರೆ ಮೀಟರ್‌ಗಿಂತ ಜಾಸ್ತಿ ಬೇಕು. ನಿಮ್ಮ 3 ಮೀಟರ್‌ನಲ್ಲಿ ಆಗಲ್ಲ. ಹಾಫ್ ಸರ್ಕಲ್ ಆರಾಮಾಗಿ ಆಗುತ್ತೆ. 42ನ 3.14ರಿಂದ ಭಾಗಿಸಿದ್ರೆ 13.4. ಸೊಂಟದ ಪಟ್ಟಿನೇ 1 ಇಂಚು ಕೊಡೋದ್ರಿಂದ ಸ್ಕರ್ಟ್ ಭಾಗ 27 ಸಾಕು, ಕೆಳಗಿನ ಮಡಿಕೆಗೆ ಅರ್ಧ. ಒಟ್ಟು ಸುಮಾರು 41 ಇಂಚು. ಬಟ್ಟೆನ ಉದ್ದುದ್ದಕ್ಕೆ 82 ಇಂಚು ತಗೊಂಡು ನಡುವೆ ಮಡಚಿ, ಮಡಿಕೆ ಮತ್ತೆ ಅಂಚು ಸೇರೋ ಮೂಲೆನೇ ನಿಮ್ಮ ಕೇಂದ್ರ, ಟೇಪಿನ ತುದಿನ ಅಲ್ಲಿ ಹಿಡ್ಕೊಂಡು ಟೇಪು ತಿರುಗಿಸ್ತಾ ಚುಕ್ಕಿ ಹಾಕ್ತಾ ಬನ್ನಿ. ಅಂಚಿಂದ ಅರ್ಧ ಇಂಚು ಒಳಗೆ ಸರಿದು ಶುರು ಮಾಡಿ, ಹಿಂದಿನ ಜೋಡಣೆ ಹೊಲಿಗೆಗೆ ಬೇಕಾಗುತ್ತೆ. ಮೇಲಿನ ಸಣ್ಣ ಕಮಾನನ್ನ ಮಾತ್ರ 13.4ರಲ್ಲಿ ಅಲ್ಲ, 12.9ರಲ್ಲಿ ಕತ್ತರಿಸಿ, ಪಟ್ಟಿ ಕೂಡಿಸೋಕೆ ಆ ಅರ್ಧ ಇಂಚು.

ಕತ್ತರಿ ಹಾಕೋಕೆ ಮುಂಚೆ ಬಟ್ಟೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಕಾಟನ್ ಅಲ್ವಾ, ಕುಗ್ಗುತ್ತೆ. ಆಮೇಲೆ ಅಗಲ ಮತ್ತೆ ಅಳೀರಿ, 42ರ ಹತ್ರ ಬಂದ್ರೂ ಮೇಲಿನ ಲೆಕ್ಕ ನಡಿಯುತ್ತೆ, ಅದಕ್ಕಿಂತ ಕಮ್ಮಿ ಆದ್ರೆ ಉದ್ದ ಒಂದಿಂಚು ಇಳಿಸಿ.

ನೆರಿಗೆ_ಪ್ರಿಯೆ:
ಲೆಕ್ಕ ಎಲ್ಲ ಚೆನ್ನಾಗಿದೆ ಆದ್ರೆ ಫಸ್ಟ್ ಸ್ಕರ್ಟ್‌ಗೇ ಯಾಕ್ರೀ ಈ ಕಮಾನು ಚುಕ್ಕಿ ಎಲ್ಲ? ಪರದೆ ಹೊಲಿಯೋಕೆ ಬರುತ್ತೆ ಅಂದ್ರೆ ನೆರಿಗೆ ಸ್ಕರ್ಟ್ ಬಂತು ಅಂತಾನೇ ಅರ್ಥ. 44 ಅಗಲದ್ದು ಎರಡು ತುಂಡು, ಒಂದೊಂದು 31 ಇಂಚು ಉದ್ದ (28 ಸ್ಕರ್ಟು, ಒಂದೂವರೆ ಇಲಾಸ್ಟಿಕ್ ಮಡಿಕೆಗೆ, ಒಂದೂವರೆ ಕೆಳಗಿನ ಅಂಚಿಗೆ), ಎರಡು ಪಕ್ಕ ಜೋಡಿಸಿ, ಮೇಲೆ ಮಡಚಿ ಇಲಾಸ್ಟಿಕ್ ತೂರಿಸಿ, ಮುಗೀತು. ಒಂದು ಚೂರು ಬಟ್ಟೆ ವೇಸ್ಟ್ ಆಗಲ್ಲ, ಉಳಿದಿದ್ರಲ್ಲಿ ಇನ್ನೊಂದು ಗಿಡ್ಡ ಸ್ಕರ್ಟ್ ಆಗುತ್ತೆ. ಬಾರ್ಡರ್ ಪ್ರಿಂಟ್ ಇದ್ರಂತೂ ಇದೇ ಸರಿ, ಹಾಫ್ ಸರ್ಕಲ್‌ನಲ್ಲಿ ಗೆರೆ ಡಿಸೈನ್ ಮುಂದೆ ಒಂದು ಕಡೆಗೆ ಹಿಂದೆ ಒಂದು ಕಡೆಗೆ ತಿರ್ಗುತ್ತೆ, ಹೂವು ಅಡ್ಡ ಮಲ್ಗಿಬಿಡುತ್ತೆ.

ಚಾಕ್‌ಪೀಸ್:
@ನೆರಿಗೆ_ಪ್ರಿಯೆ ಗೆರೆ ಪ್ರಿಂಟ್ ಮಾತು ಒಪ್ದೆ. ಆದ್ರೆ 86 ಇಂಚು ಕಾಟನ್‌ನ 28 ಇಂಚು ಇಲಾಸ್ಟಿಕ್‌ಗೆ ತುರುಕಿದ್ರೆ ಸೊಂಟದ ಸುತ್ತ ಚಕ್ಕುಲಿ ಇಟ್ಟ ಹಾಗೆ ಉಬ್ಬುತ್ತೆ, ತೆಳು ಮಲ್ ಬಟ್ಟೆ ಆದ್ರೆ ಸರಿ, ಸ್ವಲ್ಪ ದಪ್ಪ ಇದ್ರೆ ಟಾಪ್ ಇನ್ ಮಾಡೋಕೇ ಆಗಲ್ಲ. ಹಾಫ್ ಸರ್ಕಲ್‌ನಲ್ಲಿ 42 ಮಾತ್ರ 28ಕ್ಕೆ ಬರ್ಬೇಕು, ಮೇಲೆ ಚಪ್ಪಟೆ, ಕೆಳಗೆ ಘೇರು. ಹಿಪ್ ಸೊಂಟಕ್ಕೆ 10 ಇಂಚು ವ್ಯತ್ಯಾಸ ಇರೋರಿಗೆ ಇದು ಚೆನ್ನಾಗಿ ಕೂರುತ್ತೆ.

ಹೊಸ_ಹೊಲಿಗೆ:
ಅಯ್ಯೋ ಹಿಪ್ ಅಳತೆ ಅಂತ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಬಟ್ಟೆ ಸಣ್ಣ ಚುಕ್ಕಿ ಪ್ರಿಂಟು, ಯಾವ ಕಡೆ ತಿರುಗಿಸಿದ್ರೂ ಒಂದೇ, ತೀರಾ ತೆಳು ಏನಲ್ಲ. ಹಾಫ್ ಸರ್ಕಲ್ಲೇ ಮಾಡ್ತೀನಿ. ಆದ್ರೆ ಹೊಲಿಗೆ ಒಂದೇ, ಅದೂ ಹಿಂದೆ ಅಂದ್ರೆ ಜೇಬು ಎಲ್ಲಿ ಇಡೋದು? ಜೇಬಿಲ್ಲ ಅಂದ್ರೆ ಈ ಕಷ್ಟ ಯಾಕೆ ಪಡ್ಲಿ

ಚಾಕ್‌ಪೀಸ್:
ಜೇಬು ಬೇಕಂದ್ರೆ ಅರ್ಧ ವೃತ್ತನ ಎರಡು ಕಾಲು ವೃತ್ತ ಮಾಡಿ ಕತ್ತರಿಸಿ, ಮುಂದೊಂದು ಹಿಂದೊಂದು, ತ್ರಿಜ್ಯ ಅದೇ 13.4. ಎಲ್ಲ ನೇರ ಅಂಚಿಗೂ ಅರ್ಧ ಇಂಚು ಬಿಡಿ, ಅಂದ್ರೆ 82 ಬದಲು 84 ಇಂಚು ಬೇಕಾಗುತ್ತೆ, ನಿಮ್ಮತ್ರ ಇದೆ. ಉಳಿದ ಬಟ್ಟೆಲಿ ಸೊಂಟದ ಪಟ್ಟಿ ಅಡ್ಡಕ್ಕೆ 43 ಇಂಚು ಉದ್ದ, ಮೂರೂಕಾಲು ಅಗಲ (1 ಇಂಚು ಇಲಾಸ್ಟಿಕ್‌ಗೆ), ಬಟ್ಟೆ ಕುಗ್ಗಿ ಅಡ್ಡಕ್ಕೆ ಸಾಲ್ದೆ ಹೋದ್ರೆ ಎರಡು ತುಂಡು ಜೋಡಿಸಿ. ಇನ್ನುಳಿದಿದ್ರಲ್ಲಿ ಜೇಬಿಗೆ ನಾಲ್ಕು ತುಂಡು. ಕೈ ಹಾಳೆ ಮೇಲಿಟ್ಟು ಸುತ್ತ ಗೆರೆ ಎಳೆದು ಒಂದಿಂಚು ದೊಡ್ಡದು ಮಾಡಿದ್ರೆ ಅದೇ ಪ್ಯಾಟ್ರನ್. ಪಟ್ಟಿಯಿಂದ ಮೂರಿಂಚು ಕೆಳಗೆ, ಬಾಯಿ ಆರಿಂಚು. ಪಕ್ಕದ ಹೊಲಿಗೆ ಹಾಕೋಕೆ ಮುಂಚೆನೇ ಜೇಬಿನ ತುಂಡುಗಳನ್ನ ಮುಂದಕ್ಕೂ ಹಿಂದಕ್ಕೂ ಕೂಡಿಸ್ಬಿಡಿ, ಆಮೇಲೆ ಮೇಲಿಂದ ಬಂದು ಜೇಬು ಸುತ್ತಿ ಕೆಳಗಿಳಿಯೋದು ಒಂದೇ ಹೊಲಿಗೆ.

ದಾರದುಂಡೆ:
ಒಂದು ಮಾತು ಯಾರೂ ಹೇಳ್ಲಿಲ್ಲ. ಕತ್ತರಿಸಿದ ತಕ್ಷಣ ಮೇಲಿನ ಕಮಾನಿಗೆ ಅಂಚಿಂದ ಕಾಲಿಂಚು ಒಳಗೆ ಒಂದು ಸಾದಾ ಹೊಲಿಗೆ ಓಡಿಸಿ, ಯಾಕಂದ್ರೆ ಅಲ್ಲಿ ಬಟ್ಟೆ ಓರೆಯಾಗಿ ಕತ್ತರಿಸಿರುತ್ತೆ, ಎತ್ತಿ ಇಳಿಸೋದ್ರಲ್ಲೇ ಎಳ್ಕೊಂಡು ದೊಡ್ಡದಾಗುತ್ತೆ. ಕೆಳಗಿನ ಅಂಚೂ ಹಾಗೇನೇ. ಪಟ್ಟಿ, ಇಲಾಸ್ಟಿಕ್ ಎಲ್ಲ ಆದ್ಮೇಲೆ ಅಂಚು ಮಡಚದೆ ಸ್ಕರ್ಟ್‌ನ ಕ್ಲಿಪ್ ಹ್ಯಾಂಗರ್‌ಗೆ ಹಾಕಿ ಒಂದು ದಿನ ನೇತಾಕಿ. ಕಾಲು ವೃತ್ತ ಅಂದ್ರೆ ನಿಮ್ಮ ಮುಂಭಾಗದ ಮಧ್ಯ, ಹಿಂಭಾಗದ ಮಧ್ಯ ಸರಿಯಾಗಿ ಓರೆ ಎಳೆ ಮೇಲೆ ಬರುತ್ತೆ, ಅಲ್ಲಿ ಇಳಿಯುತ್ತೆ, ಪಕ್ಕದಲ್ಲಿ ಇಳಿಯಲ್ಲ. ಆಮೇಲೆ ಹಾಕ್ಕೊಂಡು ನಿಂತ್ಕೊಳ್ಳಿ, ಬೇರೆ ಯಾರಾದ್ರೂ ನೆಲದಿಂದ ಸ್ಕೇಲ್ ಇಟ್ಟು ಸುತ್ತ ಚಾಕಲ್ಲಿ ಗುರುತು ಹಾಕ್ಲಿ, ನೀವೇ ಬಗ್ಗಿ ನೋಡಿದ್ರೆ ಸ್ಕರ್ಟೇ ಮೇಲೆ ಕೆಳಗೆ ಆಗುತ್ತೆ. ಇಳಿದಿದ್ದು ಕತ್ತರಿಸಿ ಸಮ ಮಾಡಿ ಆಮೇಲೆ ಮಡಿಕೆ.

ಮಡಿಕೆ ಅಗಲ ಬೇಡ ಇಲ್ಲಿ. ದುಂಡು ಅಂಚಿಗೆ ಒಂದೂವರೆ ಇಂಚು ಮಡಚಿದ್ರೆ ಒಳಗಿನ ಬಟ್ಟೆ ಜಾಸ್ತಿಯಾಗಿ ಸುಕ್ಕು ಬೀಳುತ್ತೆ. ಕಾಲಿಂಚಲ್ಲಿ ಒಂದು ಹೊಲಿಗೆ ಹಾಕಿ, ಆ ಹೊಲಿಗೆ ಮೇಲೆ ಮಡಚಿ ಇಸ್ತ್ರಿ ಮಾಡಿ, ಇನ್ನೊಂದ್ಸಲ ಕಾಲಿಂಚು ಮಡಚಿ ಹೊಲೀರಿ. ಬಟ್ಟೆ ಎಳೀಬೇಡಿ, ಮಷಿನ್ನೇ ತಗೊಂಡು ಹೋಗ್ಲಿ.

ಇಲಾಸ್ಟಿಕ್ 28 ಅಂತ ಕಣ್ಮುಚ್ಚಿ ಕತ್ತರಿಸಬೇಡಿ, ಸೊಂಟಕ್ಕೆ ಸುತ್ತಿ ಪಿನ್ ಹಾಕಿ ಕೂತು ಎದ್ದು ನೋಡಿ, ಒಂದೊಂದು ಇಲಾಸ್ಟಿಕ್ ಒಂದೊಂದು ಥರ ಬಿಗಿ ಇರುತ್ತೆ. ಸೇರಿಸಿ ಮುಚ್ಚಿದ್ಮೇಲೆ ಎರಡು ಪಕ್ಕದ ಹೊಲಿಗೆ ಮೇಲೆ ನಿಂತ ಗೆರೆ ಥರ ಒಂದೊಂದು ಹೊಲಿಗೆ ಹಾಕಿದ್ರೆ ಒಳಗೆ ಮುರುಚಿಕೊಳ್ಳಲ್ಲ.

ಹೊಸ_ಹೊಲಿಗೆ:
ಬಟ್ಟೆ ಆಗ್ಲೇ ನೀರಿಗೆ ಹಾಕ್ದೆ 😄 ಕೊನೇ ಪ್ರಶ್ನೆ, ಮಷಿನ್‌ನಲ್ಲಿ ಈಗ ಪರದೆ ಹೊಲಿದ 16ರ ಸೂಜಿ ಇದೆ, ಅದೇ ನಡಿಯುತ್ತಾ?

ನೆರಿಗೆ_ಪ್ರಿಯೆ:
ಬೇಡ ಬೇಡ, 16 ಜೀನ್ಸ್‌ಗೆ ದಪ್ಪ ಬಟ್ಟೆಗೆ. ಈ ಕಾಟನ್‌ಗೆ 14 ಹಾಕಿ, ತೆಳು ಅನ್ಸಿದ್ರೆ 11. ಉಳಿದ ಮೂಲೆ ತುಂಡಲ್ಲಿ ಎರಡು ಪದರ ಇಟ್ಟು ಒಂದ್ಸಲ ಓಡಿಸಿ ನೋಡಿ, ಕೆಳಗೆ ದಾರ ಗಂಟು ಗಂಟಾದ್ರೆ ಮೊದ್ಲು ಮೇಲಿನ ದಾರ ಬಿಚ್ಚಿ ಸರಿಯಾಗಿ ಪೋಣಿಸಿ, ಬಾಬಿನ್ ಕಡೆ ಕೈ ಆಮೇಲೆ.